ರಾಶಿಗೊಂದು ತಿಂಡಿ: ಪಾಸ್ತಾ, ಸುಶಿ ಬಿಟ್ಟು ನಮ್ಮದೇ ಪಟ್ಟಿ ಮಾಡೋಣ ಬನ್ನಿ

ತಿಂಡಿಪೋತಿ:
ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಬಳಗದಲ್ಲಿ ರಾಜ್ಯೋತ್ಸವದ ಊಟಕ್ಕೆ ಪ್ರತಿ ಮನೆಯವರೂ ಒಂದೊಂದು ಅಡುಗೆ ತರಬೇಕು. ಹೋದ ವರ್ಷ ಯಾರೂ ಮಾತಾಡಿಕೊಳ್ಳದೆ ಮುಕ್ಕಾಲು ಮನೆಯವರು ಚಿತ್ರಾನ್ನವನ್ನೇ ತಂದರು. ಈ ಸಲ ರಾಶಿ ನೋಡಿ ಅಡುಗೆ ಹಂಚೋಣ ಅಂತ ಯಾರೋ ತಮಾಷೆಗೆ ಅಂದರು. ಎಲ್ಲರೂ ಅದನ್ನೇ ಹಿಡಿದುಕೊಂಡರು. ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂತು.

ನೆಟ್‌ನಲ್ಲಿ ಹುಡುಕಿದರೆ ವೃಷಭಕ್ಕೆ ಚೀಸ್ ಪಾಸ್ತಾ, ಸಿಂಹಕ್ಕೆ ಸ್ಟೇಕ್, ಮೀನಕ್ಕೆ ಸುಶಿ. ನಮಗೆ ಆಗುವ ಮಾತಲ್ಲ. ಅದಕ್ಕೆ ಸ್ವಭಾವ ನೋಡಿ ನಾನೇ ಶುರು ಮಾಡಿದ್ದೇನೆ:

ಮೇಷ: ಮೆಣಸಿನಕಾಯಿ ಬಜ್ಜಿ. ಬಾಣಲೆಯಿಂದ ತೆಗೆದ ಕೂಡಲೇ ತಿನ್ನಬೇಕು. ಕಾಯುವ ವ್ಯವಹಾರ ಇಲ್ಲ.
ವೃಷಭ: ಹೋಳಿಗೆ, ಮೇಲೆ ತುಪ್ಪ. ಆಮೇಲೆ ಚಾಪೆ.
ಮಿಥುನ: ಚೌಚೌ ಬಾತ್. ಖಾರಾಬಾತೋ ಕೇಸರಿಬಾತೋ ತೀರ್ಮಾನ ಆಗದವರಿಗೆ.
ಕರ್ಕಾಟಕ: ಮೊಸರನ್ನ, ಅದೂ ಅಮ್ಮ ಕಲಸಿಕೊಟ್ಟಿದ್ದು.
ಸಿಂಹ: ಮೈಸೂರು ಪಾಕ್. ಅರಮನೆ ಗತ್ತು.
ಕನ್ಯಾ: ಇಡ್ಲಿ. ಎಲ್ಲ ಒಂದೇ ಅಳತೆ, ಒಂದೂ ಸೊಟ್ಟ ಇರಬಾರದು.

ತುಲಾದಿಂದ ಮುಂದೆ ಏನೂ ಹೊಳೆಯುತ್ತಿಲ್ಲ. ಸಹಾಯ ಮಾಡಿ.

ಬೆಣ್ಣೆನಗರಿ:
ವೃಷಭಕ್ಕೆ ಹೋಳಿಗೆನಾ? ದಾವಣಗೆರೆ ಬೆಣ್ಣೆ ದೋಸೆ ಹಾಕಿ. ಶುಕ್ರನ ರಾಶಿ, ಸುಖ ಬೇಡುವ ರಾಶಿ ಅಂತೀರಿ, ಅದಕ್ಕೆ ಹೋಳಿಗೆ ಸಾಲುತ್ತಾ? ಸೌದೆ ಒಲೆ, ದಪ್ಪ ಕಾವಲಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಬಿಳಿ ಚಟ್ನಿ, ಸಪ್ಪೆ ಆಲೂಗಡ್ಡೆ ಪಲ್ಯ. ಮುಗಿಯಿತು.

ಸುಮ್ನೆ_ಓದುಗ:
ಬಂದರಪ್ಪಾ. ಯಾವ ಚರ್ಚೆಗೆ ಹೋದರೂ ಬೆಣ್ಣೆ ದೋಸೆ.

ಸಕ್ಕರೆಗೊಂಬೆ:
ವೃಶ್ಚಿಕಕ್ಕೆ ಮೈಸೂರು ಮಸಾಲೆ ದೋಸೆ ಬರೆದುಕೊಳ್ಳಿ ಅಕ್ಕಾ. ಹೊರಗೆ ನೋಡಿದರೆ ಪಾಪ, ಗರಿಗರಿ, ಬಂಗಾರದ ಬಣ್ಣ. ಕೆಂಪು ಚಟ್ನಿ ಒಳಗೆ ಸವರಿರುತ್ತದೆ. ನನ್ನ ನಾದಿನಿ ವೃಶ್ಚಿಕ, ಅನುಭವದ ಮಾತು.

ಕಡಲತಡಿ_ಗಿರಿ:
ಕರ್ಕಾಟಕ ಅಂದರೆ ಏಡಿ. ಏಡಿಯ ರಾಶಿಗೆ ಮೊಸರನ್ನ ಕೊಟ್ಟವರನ್ನು ಕುಂದಾಪುರಕ್ಕೆ ಕಳಿಸಿಕೊಡಿ. ಏಡಿ ಸುಕ್ಕ ತಿನ್ನಿಸಿ ವಾಪಸ್ ಕಳಿಸುತ್ತೇವೆ.

ತಿಂಡಿಪೋತಿ:
ಹಾಗಾದರೆ ಮೀನದವರಿಗೆ ಮೀನು, ಮೇಷದವರಿಗೆ ಕುರಿ. ಕನ್ಯಾ ರಾಶಿಗೆ ಏನು ಮಾಡೋಣ ಗಿರಿ ಅಣ್ಣಾ? 😄

ಲೆಕ್ಕದಮೇಷ್ಟ್ರು:
ತಿನ್ನುವ ಮೊದಲು ಒಂದು ಪ್ರಶ್ನೆ. ಯಾವ ರಾಶಿ? ನೆಟ್‌ನಲ್ಲಿ ಇರುವುದು ಹುಟ್ಟಿದ ತಾರೀಖಿನ ರಾಶಿ, ಅಂದರೆ ಸೂರ್ಯನದ್ದು. ನಮ್ಮ ಮನೆಗಳಲ್ಲಿ 'ನಿನ್ನ ರಾಶಿ ಯಾವುದು' ಅಂದರೆ ಹುಟ್ಟಿದಾಗ ಚಂದ್ರ ಇದ್ದ ರಾಶಿ. ಚಂದ್ರ ಒಂದು ರಾಶಿಯಲ್ಲಿ ಇರುವುದು ಸುಮಾರು ಎರಡೂಕಾಲು ದಿನ. ಸೂರ್ಯ ಇರುವುದು ಒಂದು ತಿಂಗಳು. ಎರಡೂ ಒಂದೇ ಆಗಬೇಕಾಗಿಲ್ಲ.

ಇನ್ನೊಂದು ತೊಡಕು. ಸೂರ್ಯನ ರಾಶಿಯನ್ನೇ ತೆಗೆದುಕೊಂಡರೂ ಅವರದ್ದೂ ನಮ್ಮದೂ ಕೂಡುವುದಿಲ್ಲ. ಅವರ ಲೆಕ್ಕದಲ್ಲಿ ಮಕರ ಶುರುವಾಗುವುದು ಡಿಸೆಂಬರ್ 22ರ ಹೊತ್ತಿಗೆ. ನಮ್ಮ ಮಕರ ಸಂಕ್ರಾಂತಿ ಜನವರಿ 14 ಅಥವಾ 15. ಜನವರಿ 5ಕ್ಕೆ ಹುಟ್ಟಿದವರು ಅವರಿಗೆ ಮಕರ, ನಮ್ಮ ಪಂಚಾಂಗಕ್ಕೆ ಸೂರ್ಯ ಇನ್ನೂ ಧನುವಿನಲ್ಲೇ. ಈಗ ಇವರು ಹೋಳಿಗೆ ತರಬೇಕೋ ಉಪ್ಪಿಟ್ಟು ತರಬೇಕೋ?

ಡಲ್ಲಾಸ್_ದೋಸೆ:
ಇಲ್ಲಿ ಆಫೀಸಿನಲ್ಲಿ ನಾನು ಕುಂಭ, ಊರಿಗೆ ಫೋನ್ ಮಾಡಿದರೆ ಸಿಂಹ. ಅಮ್ಮನ ಜೊತೆ ಮಾತಾಡುವಾಗ ಮಾತ್ರ ಮೈಸೂರು ಪಾಕ್ ತಿನ್ನಬಹುದು ಅಂತ ಕಾಣುತ್ತದೆ.

ಈ ತಾರೀಖಿನ ರಾಶಿಭವಿಷ್ಯ ಬಹಳ ಹಳೆಯದೇನಲ್ಲ. 1930ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಮಾರ್ಗರೆಟ್ ಹುಟ್ಟಿದಾಗ ಸಂಡೇ ಎಕ್ಸ್‌ಪ್ರೆಸ್ ಪತ್ರಿಕೆ ಆರ್.ಎಚ್. ನೇಯ್ಲರ್ ಅನ್ನುವವರಿಂದ ಮಗುವಿನ ಜಾತಕ ಬರೆಸಿತು. ಓದುಗರಿಗೆ ಅದು ಬಹಳ ಹಿಡಿಸಿತು. ಪತ್ರಿಕೆಗಳಲ್ಲಿ ಈ ಅಂಕಣ ಬೆಳೆದದ್ದು ಆಮೇಲೆ. ಎಲ್ಲರಿಗೂ ಹುಟ್ಟಿದ ತಾರೀಖು ಗೊತ್ತಿರುತ್ತದೆ, ಗಂಟೆ ನಿಮಿಷ ಗೊತ್ತಿರುವುದಿಲ್ಲ. ಪತ್ರಿಕೆಗೆ ತಾರೀಖೇ ಸುಲಭ.

ಪಂಚಾಂಗದಜ್ಜ:
ಮಕ್ಕಳೇ, ಸ್ವಭಾವ ಊಹಿಸಿ ಬರೆಯುವುದಕ್ಕೆ ಯಾಕೆ ಕಷ್ಟಪಡುತ್ತೀರಿ? ಹಳೆಯ ಲೆಕ್ಕ ಒಂದಿದೆ. ರಾಶಿಗೆ ಒಬ್ಬ ಅಧಿಪತಿ, ಅಧಿಪತಿಗೆ ಒಂದು ಧಾನ್ಯ. ನವಗ್ರಹ ಹೋಮಕ್ಕೆ ಕೂತವರೆಲ್ಲ ತಟ್ಟೆಯಲ್ಲಿ ನೋಡಿರುತ್ತೀರಿ. ಸೂರ್ಯನಿಗೆ ಗೋಧಿ, ಚಂದ್ರನಿಗೆ ಅಕ್ಕಿ, ಕುಜನಿಗೆ ತೊಗರಿ, ಬುಧನಿಗೆ ಹೆಸರು, ಗುರುವಿಗೆ ಕಡಲೆ, ಶುಕ್ರನಿಗೆ ಅವರೆ, ಶನಿಗೆ ಎಳ್ಳು. ರಾಹುವಿಗೆ ಉದ್ದು, ಕೇತುವಿಗೆ ಹುರುಳಿ. ಈ ಇಬ್ಬರಿಗೆ ಸ್ವಂತ ಮನೆ ಇಲ್ಲ, ಬಿಡಿ.

ಈಗ ಕೂಡಿಸಿ. ಸಿಂಹಕ್ಕೆ ಗೋಧಿ ಹುಗ್ಗಿ. ಕರ್ಕಕ್ಕೆ ಅಕ್ಕಿ, ಹಾಗಾಗಿ ಆ ಮಗಳು ಬರೆದ ಮೊಸರನ್ನ ಸರಿಯಾಗಿಯೇ ಇದೆ. ಮೇಷ, ವೃಶ್ಚಿಕಕ್ಕೆ ತೊಗರಿಬೇಳೆ ತೊವ್ವೆ. ಮಿಥುನ, ಕನ್ಯಾಕ್ಕೆ ಹೆಸರುಬೇಳೆ ಕೋಸಂಬರಿ. ವೃಷಭ, ತುಲಾಕ್ಕೆ ಹಿದುಕಿದ ಅವರೆಬೇಳೆ ಸಾರು. ಧನು, ಮೀನಕ್ಕೆ ಕಡಲೆಕಾಳು ಉಸಲಿ. ಮಕರ, ಕುಂಭಕ್ಕೆ ಎಳ್ಳುಂಡೆ.

ಮೈಸೂರು ಪಾಕ್ ಕಡಲೆಹಿಟ್ಟಿನದ್ದು. ಅದು ಸಿಂಹದವರಿಗೆ ಸೇರಲ್ಲ, ಧನುವಿನವರದ್ದು.

ಸುಮ್ನೆ_ಓದುಗ:
ನಾನು ಸಿಂಹ. ಮೈಸೂರು ಪಾಕ್ ಕಸಿದುಕೊಂಡು ಹುಗ್ಗಿ ಕೊಟ್ಟಿದ್ದಕ್ಕೆ ಅಜ್ಜನ ಮೇಲೆ ಕೇಸ್ ಹಾಕುತ್ತೇನೆ.

ಜವಾರಿ_ಹುಡುಗ:
ಹುಗ್ಗಿ ಅಂದರೆ ಕಡಿಮೆ ತಿಳಿಯಬೇಡ್ರಿ. ಕುಟ್ಟಿದ ಗೋಧಿ, ಬೆಲ್ಲ, ಗಸಗಸೆ, ಒಣಕೊಬ್ಬರಿ, ಮೇಲೆ ತುಪ್ಪ, ಹಾಲು. ನಮ್ಮ ಕಡೆ ಜಾತ್ರೆಯಲ್ಲಿ ಮಾಡುವ ಹುಗ್ಗಿ ತಿಂದರೆ ಮೈಸೂರು ಪಾಕ್ ನೆನಪೂ ಆಗಲ್ಲ.

ಮತ್ತೆ ತೊಗರಿ ಮಾತು ಬಂತು ಅಂತ ಹೇಳುತ್ತೇನೆ. ಕುಜನಿಗೆ ಕಲಬುರಗಿ ತೊಗರಿಯೇ ಆಗಬೇಕು. 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬೇರೆ ಕಡೆಯ ಬೇಳೆ ಹಾಕಿ ಆಮೇಲೆ ಕುಜ ದೋಷ ಹೋಗಲಿಲ್ಲ ಅನ್ನಬೇಡಿ.

ಮಲೆನಾಡಿನ_ಮಳೆ:
ಅಜ್ಜಾ, ಶುಕ್ರನಿಗೆ ಅವರೆ ಅಂದಿದ್ದು ಕೇಳಿ ಖುಷಿಯಾಯಿತು. ನಾನು ತುಲಾ. ಬೆಂಗಳೂರಿನಲ್ಲಿ ಚಳಿಗಾಲ ಬಂದರೆ ಅವರೆಬೇಳೆ ಮೇಳಕ್ಕೆ ಹೋಗದೆ ಇರುವುದಿಲ್ಲ. ವಿ.ವಿ. ಪುರಂ ಬೀದಿಯಲ್ಲಿ ಮೈಕೈ ತಾಗಿಸಿಕೊಂಡು ನಿಂತು ಅವರೆಬೇಳೆ ದೋಸೆ ತಿಂದವಳು ನಾನು. ಅವರೆಬೇಳೆ ಜಿಲೇಬಿ ಮಾತ್ರ ಯಾವ ಗ್ರಹಕ್ಕೂ ಬೇಡ.

ಪಂಚಾಂಗದಜ್ಜ:
ಇನ್ನೊಂದು ಮರೆತಿದ್ದೆ. ರುಚಿಗೂ ಲೆಕ್ಕ ಇದೆ. 6ನೇ ಶತಮಾನದ ವರಾಹಮಿಹಿರ ಬೃಹಜ್ಜಾತಕದಲ್ಲಿ ಗ್ರಹಕ್ಕೊಂದು ರುಚಿ ಕೊಟ್ಟಿದ್ದಾನೆ. ಸೂರ್ಯನಿಗೆ ಖಾರ, ಚಂದ್ರನಿಗೆ ಉಪ್ಪು, ಕುಜನಿಗೆ ಕಹಿ, ಬುಧನಿಗೆ ಎಲ್ಲ ಬೆರೆತ ರುಚಿ, ಗುರುವಿಗೆ ಸಿಹಿ, ಶುಕ್ರನಿಗೆ ಹುಳಿ, ಶನಿಗೆ ಒಗರು.

ಸಕ್ಕರೆಗೊಂಬೆ:
ಅಂದರೆ ಮೇಷದವರಿಗೆ ಹಾಗಲಕಾಯಿ?? ಮೆಣಸಿನಕಾಯಿ ಬಜ್ಜಿ ಸಿಂಹಕ್ಕೆ ಹೋಯಿತಾ?

ಸುಮ್ನೆ_ಓದುಗ:
ಕೇಸ್ ವಾಪಸ್.

ಲೆಕ್ಕದಮೇಷ್ಟ್ರು:
ಬಜ್ಜಿಯನ್ನು ವರಾಹಮಿಹಿರನ ತಲೆಗೆ ಕಟ್ಟಬೇಡಿ. ಅವನ ಕಾಲದಲ್ಲಿ ಈ ದೇಶದಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ. 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಬಂತು. ಅವನಿಗೆ ಗೊತ್ತಿದ್ದ ಖಾರ ಅಂದರೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ಸಿಂಹ ರಾಶಿಯವರಿಗೆ ಮೆಣಸಿನ ಸಾರು ಕೊಡಿ, ನೆಗಡಿಯಾದರೂ ಹೋಗುತ್ತದೆ.

ಇನ್ನೂ ಒಂದು. ಕುಜ ಕೆಂಪು ಗ್ರಹ, ಮೆಣಸಿನಕಾಯಿ ಕೆಂಪು, ಅದಕ್ಕೆ ಮೇಷ ಅಂದರೆ ಖಾರ. ಈ ಪಟ್ಟಿಗಳ ತರ್ಕ ಎಲ್ಲ ಹೀಗೇ, ಬಣ್ಣ ನೋಡಿ ರುಚಿ ಹೇಳುವುದು.

ಜವಾರಿ_ಹುಡುಗ:
ಮೇಷ್ಟ್ರ ಮಾತಿಗೆ ನಮ್ಮ ಬ್ಯಾಡಗಿಯೇ ಸಾಕ್ಷಿ. ಬಣ್ಣ ನೋಡಿದರೆ ಎದೆ ಝಲ್ ಅನ್ನಬೇಕು, ನಾಲಿಗೆಗೆ ಹಾಕಿದರೆ ಅಷ್ಟೇನೂ ಖಾರ ಇಲ್ಲ. ಡಬ್ಬಿ ಬ್ಯಾಡಗಿ ಅಂತೂ ಬರೀ ಬಣ್ಣ, ಪರಿಮಳ. ಖಾರ ಬೇಕು ಅಂದರೆ ಗುಂಟೂರು ಬೆರೆಸಬೇಕು. ಮೇಲೆ ಕೆಂಪು, ಒಳಗೆ ಮೆತ್ತಗೆ. ಇಂಥ ಮೇಷ ರಾಶಿಯವರನ್ನೂ ನೋಡಿದ್ದೇನೆ. ನಮ್ಮ ಮಾವ ಒಬ್ಬರಿದ್ದಾರೆ. ಕೂಗಾಟ ಮಾತ್ರ, ಆಮೇಲೆ ತಾವೇ ಚಹಾ ಮಾಡಿ ತಂದುಕೊಡುತ್ತಾರೆ.

ತಿಂಡಿಪೋತಿ:
ವಾವ್, ಇದು ಬರೆದುಕೊಂಡೆ. ಮೇಷ: ಬ್ಯಾಡಗಿ ಮೆಣಸಿನಕಾಯಿ ಕೆಂಪು ಚಟ್ನಿ. ಅಜ್ಜನ ಕಹಿ ಲೆಕ್ಕ ಮೇಷದವರಿಗೆ ಹೇಳುವುದು ಬೇಡ. ನಮ್ಮ ಬಳಗದ ಅಧ್ಯಕ್ಷರೇ ಮೇಷ.

ಹಾಗಲಕಾಯಿ_ಅಭಿಮಾನಿ:
ಕಹಿ ಅಂದರೆ ಶಿಕ್ಷೆ ಅನ್ನುವ ಹಾಗೆ ಮಾತಾಡುತ್ತಿದ್ದೀರಲ್ಲ. ಹುಣಸೆಹಣ್ಣು, ಬೆಲ್ಲ ಹಾಕಿ ಕುದಿಸಿದ ಹಾಗಲಕಾಯಿ ಗೊಜ್ಜು ತಿಂದು ಮಾತಾಡಿ.

ಅಂದ ಹಾಗೆ ಕಹಿ ಸೇರುವುದು ಬಿಡುವುದು ಸ್ವಲ್ಪ ಹುಟ್ಟಿನಿಂದಲೇ ಬರುತ್ತದೆ, ಆದರೆ ಜಾತಕದಿಂದ ಅಲ್ಲ. 1931ರಲ್ಲಿ ಆರ್ಥರ್ ಫಾಕ್ಸ್ ಅನ್ನುವ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಪಿಟಿಸಿ ಅನ್ನುವ ಪುಡಿ ಗಾಳಿಗೆ ಹಾರಿತು. ಪಕ್ಕದವನು 'ಥೂ, ಕಹಿ' ಅಂದ. ಫಾಕ್ಸ್‌ಗೆ ಏನೂ ರುಚಿ ಗೊತ್ತಾಗಲಿಲ್ಲ. ಈ ವ್ಯತ್ಯಾಸ ಬಹುಪಾಲು ಟಿಎಎಸ್2ಆರ್38 ಅನ್ನುವ ಒಂದು ಜೀನಿನಿಂದ ಅಂತ ಆಮೇಲೆ ತಿಳಿಯಿತು. ಒಂದೇ ಮನೆಯಲ್ಲಿ ಒಬ್ಬರಿಗೆ ಕಹಿ, ಒಬ್ಬರಿಗೆ ಸಪ್ಪೆ. ನನ್ನ ಗಂಡ ಹಾಗಲಕಾಯಿ ಕಂಡರೆ ಮುಖ ತಿರುಗಿಸುವುದಕ್ಕೆ ಅವರ ರಾಶಿಯನ್ನು ಬೈದು ಪ್ರಯೋಜನ ಇಲ್ಲ.

ಬೆಣ್ಣೆನಗರಿ:
ನಿಮ್ಮ ಗಂಡ ಯಾವ ರಾಶಿ?

ಹಾಗಲಕಾಯಿ_ಅಭಿಮಾನಿ:
ಮೇಷ. ನಗಬೇಡಿ.

ಹೊಸಬ_ರಘು:
ನಮಸ್ತೆ ಗುರುಗಳೇ, ನನ್ನ ಹುಟ್ಟಿದ ದಿನ, ಸಮಯ, ಊರು ಕೆಳಗೆ ಹಾಕಿದ್ದೇನೆ. ಮದುವೆ ಯಾವಾಗ ಆಗುತ್ತದೆ ಹೇಳಿ.
[ವಿವರ ತೆಗೆಯಲಾಗಿದೆ]

ನಿರ್ವಾಹಕ:
ರಘು ಅವರೇ, ಹುಟ್ಟಿದ ವಿವರ, ಫೋನ್ ನಂಬರ್ ಇಲ್ಲಿ ಹಾಕಬೇಡಿ. ಇದು ತಿಂಡಿ ಚರ್ಚೆ. ಮದುವೆ ಊಟದ ಬಗ್ಗೆ ಬೇಕಾದರೆ ಕೇಳಬಹುದು.

ಲೆಕ್ಕದಮೇಷ್ಟ್ರು:
ಆಟ ಆಡಿ, ಬೇಡ ಅನ್ನುವುದಿಲ್ಲ. ಆದರೆ 'ಸ್ವಭಾವ ಎಷ್ಟು ಸರಿಯಾಗಿ ಹೊಂದಿತು ನೋಡಿ' ಅನ್ನುವವರಿಗೆ ಒಂದು ಕಥೆ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟ. ಆಮೇಲೆ ಒಬ್ಬೊಬ್ಬರಿಗೂ 'ಇದು ನಿನ್ನ ಸ್ವಭಾವ' ಅಂತ ಒಂದು ಹಾಳೆ ಹಂಚಿದ. ಎಲ್ಲ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಹೆಚ್ಚಿನ ಸಾಲು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದ್ದು. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಕೊಡಿ ಅಂದ. ಸರಾಸರಿ 4.26 ಬಂತು.

'ನೀವು ಹೊರಗೆ ಗಟ್ಟಿ, ಒಳಗೆ ಮೃದು' ಅಂದರೆ ಯಾರು ತಾನೇ ಅಲ್ಲ ಅಂತಾರೆ? ಮೇಲಿನ ಮೈಸೂರು ಮಸಾಲೆ ದೋಸೆಯ ಮಾತನ್ನು ಹನ್ನೆರಡು ರಾಶಿಗೂ ಓದಿ ಹೇಳಿ. ಹನ್ನೆರಡೂ ಜನ ತಲೆಯಾಡಿಸುತ್ತಾರೆ.

ಸಕ್ಕರೆಗೊಂಬೆ:
ಮೇಷ್ಟ್ರೇ, ನನ್ನ ನಾದಿನಿಗೆ ಓದಿ ಹೇಳಿ ಬದುಕಿ ಬಂದರೆ ಒಪ್ಪುತ್ತೇನೆ.

ಅವಳಿ_ಅಮ್ಮ:
ನಮ್ಮ ಮನೆಯಲ್ಲಿ ಅವಳಿ ಗಂಡುಮಕ್ಕಳು. ರಾಶಿ ಒಂದೇ, ನಕ್ಷತ್ರ ಒಂದೇ, ಪಾದವೂ ಒಂದೇ. ಒಬ್ಬನಿಗೆ ಎಣ್ಣೆಗಾಯಿ ಇದ್ದರೆ ರೊಟ್ಟಿ ಲೆಕ್ಕವೇ ಇಲ್ಲ. ಇನ್ನೊಬ್ಬ ಬದನೆಕಾಯಿ ಮುಟ್ಟಿದ ಸೌಟನ್ನೂ ಮುಟ್ಟಲ್ಲ. ಯಾವ ಪಟ್ಟಿ ಅಂಟಿಸಲಿ?

ಪಂಚಾಂಗದಜ್ಜ:
ಲಗ್ನ, ಅಂದರೆ ಹುಟ್ಟಿದ ಗಳಿಗೆಯಲ್ಲಿ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ, ಬೇರೆ ಇರಬಹುದಮ್ಮಾ.

ಅವಳಿ_ಅಮ್ಮ:
ಲಗ್ನ ಬದಲಾಗಲು ಸುಮಾರು ಎರಡು ಗಂಟೆ ಬೇಕಲ್ಲ ಅಜ್ಜಾ. ಇವರು ಒಬ್ಬರ ಹಿಂದೆ ಒಬ್ಬರು ಬಂದವರು. ಡಾಕ್ಟರಿಗೆ ಕೈ ತೊಳೆಯಲೂ ಸಮಯ ಸಿಗಲಿಲ್ಲ.

ಪಂಚಾಂಗದಜ್ಜ:
ಹಾಗಾದರೆ ಬದನೆಕಾಯಿ ಸರಿ ಇಲ್ಲ.

ಇಡ್ಲಿವಂಚಿತ:
ನಗು ಬರುತ್ತಿದೆ, ಆದರೆ ನಮ್ಮ ಮನೆಯಲ್ಲಿ ಇದು ನಗುವ ವಿಷಯ ಆಗಿರಲಿಲ್ಲ. ನಮ್ಮ ದೊಡ್ಡಪ್ಪನಿಗೆ ರಾಹು ದಶೆ ಶುರುವಾದಾಗ ಒಬ್ಬರು ಜ್ಯೋತಿಷಿ ಉದ್ದು ಬಿಡಿ ಅಂದರಂತೆ. ಉದ್ದು ಬಿಟ್ಟರೆ ಏನು ಉಳಿಯುತ್ತದೆ? ಇಡ್ಲಿ ಇಲ್ಲ, ದೋಸೆ ಇಲ್ಲ, ವಡೆ ಇಲ್ಲ, ಒಗ್ಗರಣೆಗೆ ಉದ್ದಿನಬೇಳೆ ಹಾಕಿದರೆ ಅದನ್ನೂ ಆರಿಸಿ ತೆಗೆಯಬೇಕು. ರಾಹು ದಶೆ 18 ವರ್ಷ! ದೊಡ್ಡಮ್ಮ ಎರಡು ಬಗೆ ತಿಂಡಿ ಮಾಡಿ ಮಾಡಿ ಸುಸ್ತಾದರು. ಕೊನೆಗೆ ಒಂದು ದಿನ ದೊಡ್ಡಪ್ಪ ಹೊರಗೆ ಹೋಟೆಲಿನಲ್ಲಿ ಸಾಂಬಾರಿನಲ್ಲಿ ಮುಳುಗಿದ ವಡೆ ತಿನ್ನುತ್ತಾ ಮಗನ ಕೈಗೆ ಸಿಕ್ಕಿಬಿದ್ದರು. ಅವತ್ತಿಗೆ ವ್ರತ ಮುಗಿಯಿತು.

ಪಂಚಾಂಗದಜ್ಜ:
ರಾಹುವಿಗೆ ಉದ್ದು ದಾನ ಮಾಡಿ ಅನ್ನುತ್ತಾರೆ. ತಿನ್ನಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ, ನಮ್ಮ ತಂದೆಯವರೂ ಹೇಳುತ್ತಿರಲಿಲ್ಲ. ಊಟಕ್ಕೆ ಪಥ್ಯ ಹೇಳುವುದು ವೈದ್ಯರ ಕೆಲಸ. ಸಕ್ಕರೆ ಕಾಯಿಲೆಯವರು ಗುರುಬಲಕ್ಕೆ ಅಂತ ಸಿಹಿ ತಿಂದುಕೊಂಡು ಬಂದರೆ ಗುರು ಏನು ಮಾಡುತ್ತಾನೆ?

ಲೆಕ್ಕದಮೇಷ್ಟ್ರು:
ಅಜ್ಜನ ಈ ಮಾತಿಗೆ ಪೂರ್ತಿ ಅಂಕ.

ಧಾರವಾಡದ_ಸೊಸೆ:
ಬಹಳ ಹೊತ್ತಿನಿಂದ ಓದುತ್ತಿದ್ದೆ, ನನ್ನದೂ ಒಂದು ಇರಲಿ. ನಾನು ಧಾರವಾಡದವಳು, ಕರ್ಕ ರಾಶಿ. ಮದುವೆಯಾಗಿ ಪುತ್ತೂರಿಗೆ ಬಂದೆ. ನಮ್ಮ ಅತ್ತೆಯದೂ ಕರ್ಕ. ಜಾತಕ ನೋಡುವಾಗ ಎಲ್ಲರಿಗೂ ಸಂತೋಷ. ಅತ್ತೆ ಸೊಸೆ ಇಬ್ಬರದೂ ಒಂದೇ ಸ್ವಭಾವ, ಅಡುಗೆಮನೆಯಲ್ಲಿ ಜಗಳ ಇರಲ್ಲ ಅಂತ.

ಮೊದಲ ದಿನ ನಾನು ಶೇಂಗಾ ಎಣ್ಣೆಯಲ್ಲಿ ಒಗ್ಗರಣೆ ಹಾಕಿದೆ. ಅತ್ತೆ ಮೂಗು ಮುಚ್ಚಿಕೊಂಡರು. ಅವರು ತೆಂಗಿನೆಣ್ಣೆಯಲ್ಲಿ ಹಾಕಿದಾಗ ನನಗೆ ಯಾರೋ ತಲೆಗೆ ಎಣ್ಣೆ ಹಚ್ಚುತ್ತಿದ್ದಾರೆ ಅನ್ನಿಸಿತು. ನಾನು ರೊಟ್ಟಿ ಇಲ್ಲದೆ ಊಟ ಆಯಿತು ಅನ್ನುವವಳಲ್ಲ. ಅವರಿಗೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಇದ್ದರೆ ಸ್ವರ್ಗ. ನಾನು ಬದನೆಕಾಯಿಗೆ ಗುರೆಳ್ಳು ಪುಡಿ ಹುಡುಕುತ್ತಿದ್ದರೆ ಅವರು ಎಲ್ಲದಕ್ಕೂ ತೆಂಗಿನಕಾಯಿ ತುರಿಯುತ್ತಿದ್ದರು. ರಾಶಿ ಒಂದೇ, ಎಣ್ಣೆ ಬೇರೆ. ಜಗಳ ಆಗುತ್ತಿದ್ದದ್ದು ಎಣ್ಣೆಗೆ.

ಈಗ ನಾನೂ ಗಂಜಿ ಊಟ ಮಾಡುತ್ತೇನೆ, ಅವರೂ ಶೇಂಗಾ ಚಟ್ನಿಪುಡಿ ಡಬ್ಬಿ ಖಾಲಿ ಮಾಡುತ್ತಾರೆ. ಚಂದ್ರ ಇದ್ದಲ್ಲೇ ಇದ್ದಾನೆ. ನನ್ನ ಕೇಳಿದರೆ ನಾಲಿಗೆ ನೋಡಿ ಊರು ಹೇಳಬಹುದು, ರಾಶಿ ಹೇಳಲು ಆಗಲ್ಲ. ತಿಂಡಿಪೋತಿ ಅಕ್ಕಾ, ನಿಮ್ಮ ಊಟಕ್ಕೆ ಊರಿನ ಪ್ರಕಾರವೇ ಹಂಚಿ. ರುಚಿಯಾದ ಅಡುಗೆ ಸಿಗುತ್ತದೆ.

ಜವಾರಿ_ಹುಡುಗ:
ಅಕ್ಕಾರ, ನಮ್ಮ ಕಡೆಯವರು ಅಂತ ಹೆಮ್ಮೆ ಆಯಿತು. ಶೇಂಗಾ ಎಣ್ಣೆಗೆ ಜಯವಾಗಲಿ.

ಕಡಲತಡಿ_ಗಿರಿ:
ತೆಂಗಿನೆಣ್ಣೆ ತಲೆಗೆ ಮಾತ್ರ ಅನ್ನುವವರನ್ನೂ ಕುಂದಾಪುರಕ್ಕೆ ಕಳಿಸಿ.

ಆದರೆ ರಾಶಿಗೂ ಊಟಕ್ಕೂ ಸಂಬಂಧವೇ ಇಲ್ಲ ಅನ್ನಬೇಡಿ. ನಮ್ಮ ತುಳು ತಿಂಗಳುಗಳೆಲ್ಲ ಸೂರ್ಯ ಯಾವ ರಾಶಿಯಲ್ಲಿದ್ದಾನೆ ಅನ್ನುವುದರ ಮೇಲೇ ನಡೆಯುವುದು. ಮನುಷ್ಯನ ಸ್ವಭಾವಕ್ಕೆ ಅಲ್ಲಿ ಜಾಗ ಇಲ್ಲ. ಮಳೆಗೆ ಇದೆ. ಸೂರ್ಯ ಮಿಥುನಕ್ಕೆ ಬಂದರೆ ಕಾರ್ತೆಲ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಸಿ ಮೀನು ಕಡಿಮೆ. ಒಣಮೀನು ಚಟ್ನಿ, ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಆಗ ಹೊರಗೆ ಬರುತ್ತವೆ.

ಸೂರ್ಯ ಕರ್ಕಕ್ಕೆ ಬಂದರೆ ಆಟಿ. ಬಿಡದ ಮಳೆ, ಹಿಂದೆಲ್ಲ ಕಣಜ ಖಾಲಿಯಾಗುತ್ತಿದ್ದ ಕಾಲ. ಕಾಡು, ಬೇಲಿ, ತೋಟದಲ್ಲಿ ಏನು ಚಿಗುರಿದೆಯೋ ಅದೇ ಊಟ. ಕೆಸುವಿನ ಎಲೆಯ ಪತ್ರೊಡೆ, ಕಣಿಲೆ ಅಂದರೆ ಎಳೆ ಬಿದಿರು, ತಗತೆ ಸೊಪ್ಪು. ಆಟಿ ಅಮಾವಾಸ್ಯೆ ದಿನ ಬೆಳಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ. ಅದರ ಕಹಿ ಕುಡಿದವರಿಗೇ ಗೊತ್ತು. ಆಮೇಲೆ ಮೆಂತ್ಯದ ಗಂಜಿ. ಮೊಸರನ್ನ, ಏಡಿ ಎಲ್ಲ ಬಿಡಿ, ಕರ್ಕಕ್ಕೆ ಪತ್ರೊಡೆ ಬರೆದುಕೊಳ್ಳಿ.

ಕಾಫಿತೋಟ:
ನಮ್ಮ ಕೊಡಗಿನಲ್ಲೂ ಅದೇ ಸಮಯ, ಕಕ್ಕಡ ಅನ್ನುತ್ತೇವೆ. ಕಕ್ಕಡದ 18ನೇ ದಿನ, ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ. ಸೊಪ್ಪು ಬೇಯಿಸಿದ ನೀರು ನೇರಳೆ ಬಣ್ಣ, ಪಾಯಸವೂ ನೇರಳೆ. 18 ಬಗೆಯ ಔಷಧ ಅವತ್ತು ಅದರಲ್ಲಿ ಸೇರಿರುತ್ತದೆ ಅನ್ನುವ ನಂಬಿಕೆ. ಮರುದಿನ ಮೂತ್ರದ ಬಣ್ಣ ಕೆಂಪಾದರೆ ಹೊಸಬರು ಹೆದರುತ್ತಾರೆ. ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಗೆ ಬಂದಿದ್ದ ಬೆಂಗಳೂರಿನ ನೆಂಟರೊಬ್ಬರು ಬೆಳಗ್ಗೆ ಎದ್ದು ಆಸ್ಪತ್ರೆ ಎಲ್ಲಿದೆ ಅಂತ ಕೇಳಿದ್ದರು.

ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ, ಅಕ್ಟೋಬರ್ ಮಧ್ಯದಲ್ಲಿ. ಹಾಗಾಗಿ ನಮಗೆ ತುಲಾ ಅಂದರೆ ಕಾವೇರಿ.

ಮಲೆನಾಡಿನ_ಮಳೆ:
ಹೌದಲ್ಲ! ಧನುರ್ಮಾಸದಲ್ಲಿ ಬೆಳಗಿನ ಜಾವ ದೇವಸ್ಥಾನದಲ್ಲಿ ಕೊಡುವ ಹುಗ್ಗಿಯೂ ಇದೇ ಲೆಕ್ಕ. ಹೆಸರುಬೇಳೆ, ಅಕ್ಕಿ, ಕಾಳುಮೆಣಸು, ತುಪ್ಪ. ಆ ಚಳಿಯಲ್ಲಿ ದೊನ್ನೆ ಹಿಡಿದುಕೊಂಡರೆ ಕೈಗೂ ಬಿಸಿ. ಮಕರಕ್ಕೆ ಎಳ್ಳು ಬೆಲ್ಲ. ನಾವು ಈ ಪಟ್ಟಿಯನ್ನು ಮೊದಲೇ ತಿನ್ನುತ್ತಿದ್ದೆವು, ಬರೆದಿರಲಿಲ್ಲ ಅಷ್ಟೇ.

ಜವಾರಿ_ಹುಡುಗ:
ಸಂಕ್ರಾಂತಿ ಹಿಂದಿನ ದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ, ಹಸಿ ಕಾಳು ಎಲ್ಲ ಕೂಡಿಸಿದ ಪಲ್ಯ. ಅದನ್ನು ಬಿಟ್ಟು ಮಕರ ರಾಶಿ ಊಟ ಅಂತ ಯಾರೂ ಹೇಳಬೇಡಿ.

ಡಲ್ಲಾಸ್_ದೋಸೆ:
ಪತ್ರೊಡೆ ಅಂದಿರಿ, ನಿದ್ದೆ ಹೋಯಿತು. ಇಲ್ಲಿ ಕೆಸುವಿನ ಎಲೆ ಗುಜರಾತಿ ಅಂಗಡಿಯಲ್ಲಿ ಸಿಗುತ್ತದೆ, ಅವರು ಪಾತ್ರಾಗೆ ತರಿಸುತ್ತಾರೆ. ಆದರೆ ಹುಳಿ ಕಡಿಮೆ ಹಾಕಿದರೆ ಗಂಟಲು ತುರಿಸುತ್ತದೆ. ಆಟಿ ತಿಂಗಳಲ್ಲಿ ಇಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಆ ಬಿಸಿಲಲ್ಲಿ ಮಳೆಗಾಲದ ಅಡುಗೆ ತಿನ್ನುವ ನಾನು ಯಾವ ರಾಶಿ ಅಂತ ಯಾರಾದರೂ ಹೇಳಿ.

ಲೆಕ್ಕದಮೇಷ್ಟ್ರು:
ಗಿರಿ ಅವರ ಲೆಕ್ಕ ನನಗೂ ಒಪ್ಪಿಗೆ. ಆಕಾಶದಲ್ಲಿ ಸೂರ್ಯ ಎಲ್ಲಿದ್ದಾನೆ ಅನ್ನುವುದಕ್ಕೂ ನೆಲದಲ್ಲಿ ಏನು ಬೆಳೆಯುತ್ತದೆ ಅನ್ನುವುದಕ್ಕೂ ನಿಜವಾಗಿ ಸಂಬಂಧ ಇದೆ. ಆದರೆ ಒಂದು ಪೇಚು. ನವೆಂಬರ್ 1ಕ್ಕೆ ಸೂರ್ಯ ತುಲಾದಲ್ಲಿ ಇರುತ್ತಾನೆ. ಈ ಲೆಕ್ಕದಲ್ಲಿ ನಿಮ್ಮ ಬಳಗದವರೆಲ್ಲ ತುಲಾ ಅಡುಗೆಯನ್ನೇ ತರಬೇಕು. ಅಜ್ಜನ ಪಟ್ಟಿ ಪ್ರಕಾರ ಶುಕ್ರ, ರುಚಿ ಹುಳಿ. ಅಂದರೆ ಎಲ್ಲರೂ ಪುಳಿಯೋಗರೆ.

ತಿಂಡಿಪೋತಿ:
ಮೇಷ್ಟ್ರೇ, ಚಿತ್ರಾನ್ನ ತಪ್ಪಿಸಲು ಬಂದವಳಿಗೆ ಪುಳಿಯೋಗರೆ ಕೊಟ್ಟಿರಿ. ಧಾರವಾಡದ ಅಕ್ಕ ಹೇಳಿದ ಹಾಗೆ ಊರಿನ ಪ್ರಕಾರ ಹಂಚುತ್ತೇನೆ. ರಾಶಿ ಹೆಸರನ್ನು ತಟ್ಟೆ ಮುಂದೆ ಚೀಟಿಯಲ್ಲಿ ಬರೆದಿಡುತ್ತೇನೆ, ಮಕ್ಕಳು ಓದಿಕೊಂಡು ನಗಲಿ. ಕುಂಭ ಒಂದು ಉಳಿದಿದೆ.

ಸುಮ್ನೆ_ಓದುಗ:
ಕುಂಭ ಶನಿಯ ರಾಶಿ. ಉಪ್ಪಿಟ್ಟು ಕೊಡಿ. ಯಾರೂ ಕರೆಯುವುದಿಲ್ಲ, ಆದರೂ ಎಲ್ಲರ ಮನೆಗೂ ಬರುತ್ತದೆ. ಬಂದರೆ ಏಳೂವರೆ ವರ್ಷ.

ಬೆಣ್ಣೆನಗರಿ:
😂😂 ಕಾಂಕ್ರೀಟ್!

ಕಡಲತಡಿ_ಗಿರಿ:
ಉಪ್ಪಿಟ್ಟಿನ ಬಗ್ಗೆ ಮಾತು ನಿಧಾನ ಇರಲಿ. ನಮ್ಮಲ್ಲಿ ಸಜ್ಜಿಗೆ ಅನ್ನುತ್ತೇವೆ. ಬಿಸಿ ಸಜ್ಜಿಗೆ ಮೇಲೆ ಖಾರದ ಅವಲಕ್ಕಿ ಹಾಕಿಕೊಂಡು ತಿನ್ನಿ, ಸಜ್ಜಿಗೆ ಬಜಿಲ್. ಆಮೇಲೆ ಕಾಂಕ್ರೀಟ್ ಅನ್ನಿ ನೋಡೋಣ.

ಸಕ್ಕರೆಗೊಂಬೆ:
ಬನ್ಸಿ ರವೆ ಚೆನ್ನಾಗಿ ಹುರಿದು ನೀರು ಸರಿಯಾಗಿ ಹಾಕಿದರೆ ಯಾಕೆ ಕಾಂಕ್ರೀಟ್ ಆಗುತ್ತದೆ? ಮಾಡಲು ಬಾರದವರು ಶನಿಯನ್ನು ಬೈಯುತ್ತಾರೆ.

ಇಡ್ಲಿವಂಚಿತ:
ನಮ್ಮ ದೊಡ್ಡಪ್ಪ ಉದ್ದು ಬಿಟ್ಟಿದ್ದ ಕಾಲದಲ್ಲಿ ಬದುಕಿದ್ದೇ ಉಪ್ಪಿಟ್ಟಿನಿಂದ. ಇದನ್ನು ಹೊಗಳಿಕೆ ಅಂತ ತಿಳಿಯಬೇಡಿ.

ಕಾಫಿತೋಟ:
ಅದಿರಲಿ, ಪುಳಿಯೋಗರೆ ಗೊಜ್ಜಿಗೆ ಬೆಲ್ಲ ಹಾಕುತ್ತೀರಾ ಇಲ್ಲವಾ? ನಮ್ಮ ಪಕ್ಕದ ಮನೆಯವರು ಜಾಸ್ತಿ ಹಾಕುತ್ತಾರೆ, ಪಾಯಸ ತಿಂದ ಹಾಗಾಗುತ್ತದೆ.

ಮಲೆನಾಡಿನ_ಮಳೆ:
ಬೆಲ್ಲ ಬೇಕು. ಹುಣಸೆಯ ಚುರುಕು ತಗ್ಗಬೇಕಲ್ಲ.

ಪಂಚಾಂಗದಜ್ಜ:
ಮೇಲುಕೋಟೆ ಕಡೆಯ ಪುಳಿಯೋಗರೆ ತಿಂದಿದ್ದೀರಾ? ಬೆಲ್ಲ ಇದ್ದರೂ ಗೊತ್ತಾಗಬಾರದು. ಕಾಳುಮೆಣಸು, ಎಳ್ಳು ಮುಂದೆ ಬರಬೇಕು. ಗೊಜ್ಜು ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಕುದಿಯಬೇಕು. ಅವಸರ ಮಾಡಿ ಇಳಿಸಿದರೆ ಹಸಿ ಹುಣಸೆ ವಾಸನೆ ಬರುತ್ತದೆ, ಎರಡು ದಿನವೂ ಉಳಿಯಲ್ಲ.

ಜವಾರಿ_ಹುಡುಗ:
ಎಳ್ಳು ಬಿಳಿಯದೋ ಕರಿಯದೋ?

ಪಂಚಾಂಗದಜ್ಜ:
ಕರಿ ಎಳ್ಳು. ಒಣ ಬಾಣಲೆಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ತರಿತರಿಯಾಗಿ ಪುಡಿ ಮಾಡಿ, ಅನ್ನ ಕಲಸುವಾಗ ಕೊನೆಗೆ ಹಾಕಿ.

ಸಕ್ಕರೆಗೊಂಬೆ:
ನಮ್ಮ ಮನೆಯಲ್ಲಿ ಬಿಳಿ ಎಳ್ಳು. ಜೊತೆಗೆ ಕೊಬ್ಬರಿ. ಬೇಕಾದರೆ ನಾದಿನಿಯನ್ನು ಕೇಳಿ.

ಲೆಕ್ಕದಮೇಷ್ಟ್ರು:
ಕೊಬ್ಬರಿ?! ಪುಳಿಯೋಗರೆಗೆ ಬೇರೆ ಚರ್ಚೆ ತೆರೆಯಿರಿ ನಿರ್ವಾಹಕರೇ, ಇದು ಬೆಳಗಾದರೂ ಮುಗಿಯುವುದಿಲ್ಲ.

ನಿರ್ವಾಹಕ:
ತೆರೆದಿದ್ದೇನೆ. ಕೊಬ್ಬರಿಯವರೂ ಕರಿ ಎಳ್ಳಿನವರೂ ಅಲ್ಲಿಗೆ ಹೋಗಿ. ವೈಯಕ್ತಿಕ ಬೈಗುಳ ಬೇಡ, ಒಗ್ಗರಣೆ ಬೈಗುಳ ಪರವಾಗಿಲ್ಲ.